ಮನೆಯಲ್ಲಿ ಜೋಡಿಸುವ ಕಂಪ್ಯೂಟರಿಗೆ ರ್‍ಯಾಮ್ ಆರಿಸುವ ಬಗೆ

ವಾಚನಾಲಯಕ್ಕೆ ಬರುವ ನಮ್ಮ ಬಂಧುಗಳಲ್ಲಿ ಹಲವರು ಮಕ್ಕಳ ಓದಿಗೂ ಸಂಜೆಯ ಲೆಕ್ಕಪತ್ರದ ಕೆಲಸಕ್ಕೂ ಬಿಡಿಭಾಗಗಳನ್ನು ಕೊಂಡು ತಾವೇ ಕಂಪ್ಯೂಟರು ಜೋಡಿಸಿಕೊಳ್ಳುವ ಮನಸ್ಸು ಮಾಡಿದ್ದಾರೆ. ಸಂತೋಷದ ಸಂಗತಿ. ಆದರೆ ರ್‍ಯಾಮಿನ ಬೆಲೆ ೨೦೨೫ರ ಕೊನೆಯ ತಿಂಗಳುಗಳಲ್ಲಿ ಏಕಾಏಕಿ ಮೇಲೇರಿತು. ಲೋಕದ ರ್‍ಯಾಮ್ ಚಿಪ್ಪುಗಳ ಬಹುಪಾಲನ್ನು ತಯಾರಿಸುವವು ಸ್ಯಾಮ್‌ಸಂಗ್, ಎಸ್.ಕೆ. ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪನಿಗಳು. ಅವು ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಕೇಂದ್ರಗಳ ಬೇಡಿಕೆಯ ಕಡೆಗೆ ತಿರುಗಿದುದೇ ಇದಕ್ಕೆ ಮುಖ್ಯ ಕಾರಣ. ಹೀಗಿರಲು, ಬೋನಸ್ಸಿನ ಹಣ ತೆತ್ತು ಹೊಂದದ ಪಟ್ಟಿಯನ್ನು ತಂದರೆ ಆಗುವ ನಷ್ಟ ಸಣ್ಣದಲ್ಲ.

ರ್‍ಯಾಮ್ ಎಂದರೇನೆಂಬುದು ನಮ್ಮಂಥ ಗುಮಾಸ್ತರಿಗೆ ತಿಳಿಯುವುದು ಸುಲಭ. ದಫ್ತರದ ಕಪಾಟು ಇದ್ದಂತೆ ಎಸ್.ಎಸ್.ಡಿ.; ನಮ್ಮ ಮುಂದಿನ ಮೇಜು ಇದ್ದಂತೆ ರ್‍ಯಾಮ್. ಮೇಜು ಚಿಕ್ಕದಾದರೆ ಒಂದು ಕಡತ ಬಿಚ್ಚಲು ಇನ್ನೊಂದನ್ನು ಕಪಾಟಿನಲ್ಲಿಟ್ಟು ಬರಬೇಕು. ಯಂತ್ರ ತೆವಳುವುದು ಅನೇಕ ವೇಳೆ ಈ ಓಡಾಟದಿಂದಲೇ.

ಮೊದಲು ನೋಡತಕ್ಕದ್ದು ಬೆಲೆಯನ್ನಲ್ಲ, ಮದರ್‌ಬೋರ್ಡನ್ನು. ಡಿ.ಡಿ.ಆರ್. ೪, ಡಿ.ಡಿ.ಆರ್. ೫ ಎಂಬ ಎರಡು ಜಾತಿಗಳು ಈಗ ಅಂಗಡಿಯಲ್ಲಿ ದೊರೆಯುತ್ತವೆ. ಎರಡಕ್ಕೂ ೨೮೮ ಕಾಲುಗಳೇ ಇರುವುದರಿಂದ ನೋಟಕ್ಕೆ ಒಂದೇ ಎನಿಸುವುದುಂಟು. ಆದರೆ ಕೆಳಗಿನ ಕಚ್ಚು ಬೇರೆ ಬೇರೆ ಜಾಗದಲ್ಲಿದೆ, ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರದು. ಎ.ಎಂ.ಡಿ. ಕಂಪನಿಯ ಎ.ಎಂ. ೪ ಬೋರ್ಡಿಗೆ ಡಿ.ಡಿ.ಆರ್. ೪ ಮಾತ್ರ, ೨೦೨೨ರಲ್ಲಿ ಬಂದ ಎ.ಎಂ. ೫ ಬೋರ್ಡಿಗೆ ಡಿ.ಡಿ.ಆರ್. ೫ ಮಾತ್ರ. ಇಂಟೆಲ್ಲಿನ ೧೨ರಿಂದ ೧೪ನೆಯ ಪೀಳಿಗೆಯ ಪ್ರೊಸೆಸರುಗಳಲ್ಲೇ ತೊಡಕು: ಅವು ಎರಡನ್ನೂ ಬಲ್ಲವು, ಬೋರ್ಡು ಮಾತ್ರ ಒಂದನ್ನೇ ಒಪ್ಪುತ್ತದೆ. ಆದುದರಿಂದ ಬೋರ್ಡಿನ ಪೂರ್ಣ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡೇ ಹೊರಡಬೇಕು. ಲ್ಯಾಪ್‌ಟಾಪಿನ ಗಿಡ್ಡ ಪಟ್ಟಿ ಅಗ್ಗವಾಗಿ ಸಿಕ್ಕಿತೆಂದು ತರುವವರೂ ಇದ್ದಾರೆ. ಅದು ಇಲ್ಲಿಗೆ ನಡೆಯದು.

ಎಷ್ಟು ಬೇಕು? ವಿಂಡೋಸ್ ೧೧ ಕನಿಷ್ಠ ೪ ಜಿ.ಬಿ. ಎನ್ನುತ್ತದೆ; ಅದು ಬಾಗಿಲು ತೆರೆಯುವಷ್ಟೇ. ನುಡಿಯಲ್ಲಿ ಕನ್ನಡ ಬೆರಳಚ್ಚು ಮತ್ತು ಅಷ್ಟಿಷ್ಟು ಲೆಕ್ಕಕ್ಕೆ ೮ ಜಿ.ಬಿ. ಸಾಕು. ಮಕ್ಕಳ ಆನ್‌ಲೈನ್ ಪಾಠ, ಟ್ಯಾಲಿ, ಹತ್ತಾರು ಟ್ಯಾಬುಗಳು ಒಟ್ಟಿಗೆ ನಡೆಯಬೇಕಾದರೆ ೧೬. ವೀಡಿಯೋ ಸಂಕಲನದ ಉದ್ಯೋಗವಿಲ್ಲದವರಿಗೆ ೩೨ ಜಿ.ಬಿ. ಏಕೆ ಬೇಕೆಂಬುದು ಅಂಗಡಿಯ ಹುಡುಗನಿಗೇ ಗೊತ್ತು!

ಒಂದೇ ೧೬ರ ಪಟ್ಟಿಯೋ, ೮ರ ಎರಡೋ? ಇಲ್ಲಿ ತುಸು ಯೋಚನೆ ಬೇಕು. ಎರಡು ಪಟ್ಟಿಗಳಿದ್ದರೆ ಪ್ರೊಸೆಸರು ಎರಡು ದಾರಿಗಳಿಂದ ಏಕಕಾಲಕ್ಕೆ ಮಾಹಿತಿ ತರುತ್ತದೆ. ೩೨೦೦ ವೇಗದ ಒಂದು ಪಟ್ಟಿ ಸೆಕೆಂಡಿಗೆ ಹೆಚ್ಚೆಂದರೆ ೨೫.೬ ಜಿ.ಬಿ. ಸಾಗಿಸಿದರೆ ಎರಡು ೫೧.೨ ಸಾಗಿಸುತ್ತವೆ. ಬೇರೆ ಗ್ರಾಫಿಕ್ಸ್ ಕಾರ್ಡಿಲ್ಲದ ಯಂತ್ರದಲ್ಲಿ ಪರದೆಯ ಚಿತ್ರವೂ ಇದೇ ರ್‍ಯಾಮಿನಿಂದ ಬರುವುದರಿಂದ, ಮಕ್ಕಳು ಆಟವಾಡುವ ಮನೆಯಲ್ಲಿ ಎರಡು ಪಟ್ಟಿಯೇ ಲೇಸು. ಆದರೆ ಅಗ್ಗದ ಬೋರ್ಡುಗಳಲ್ಲಿ ಸ್ಲಾಟುಗಳು ಎರಡೇ. ಎರಡನ್ನೂ ೮ರಿಂದ ತುಂಬಿದರೆ ಮುಂದೆ ಹೆಚ್ಚಿಸಲು ಹಳೆಯದನ್ನು ಕಿತ್ತು ಮಾರಬೇಕು. ಬರಿಯ ಲೆಕ್ಕಪತ್ರ, ಓದು ಎನ್ನುವವರು ೧೬ರ ಒಂದನ್ನು ಹಾಕಿ ಒಂದು ಸ್ಲಾಟನ್ನು ಖಾಲಿ ಬಿಡಲಿ ಎಂಬುದು ನಮ್ಮ ಅಭಿಪ್ರಾಯ.

ಇನ್ನು ವೇಗದ ಮಾತು. ಪೊಟ್ಟಣದ ಮೇಲೆ ೩೨೦೦, ೬೦೦೦ ಎಂಬ ದೊಡ್ಡ ಅಂಕಿಯ ಜೊತೆಗೆ ಸಿ.ಎಲ್. ಎಂಬ ಸಣ್ಣ ಅಂಕಿಯೂ ಇರುತ್ತದೆ. ಸಣ್ಣದನ್ನು ೨೦೦೦ದಿಂದ ಗುಣಿಸಿ ದೊಡ್ಡದರಿಂದ ಭಾಗಿಸಿದರೆ ಮೊದಲ ಉತ್ತರಕ್ಕೆ ಕಾಯಬೇಕಾದ ಕಾಲ ನ್ಯಾನೋಸೆಕೆಂಡಿನಲ್ಲಿ ಬರುತ್ತದೆ. ೩೨೦೦ಕ್ಕೆ ಸಿ.ಎಲ್. ೧೬ ಇದ್ದರೆ ೧೦. ೩೬೦೦ಕ್ಕೆ ೧೮ ಇದ್ದರೂ ೧೦. ೬೦೦೦ಕ್ಕೆ ೩೦ ಇದ್ದರೂ ಅದೇ ೧೦. ೫೬೦೦ಕ್ಕೆ ೪೬ ಇದ್ದರೆ ೧೬ಕ್ಕೂ ಮೀರುತ್ತದೆ. ದೊಡ್ಡ ಅಂಕಿಯಿಂದ ಸಾಗಣೆ ಹೆಚ್ಚುವುದು ನಿಜವೇ. ಆದರೆ ದಿನಬಳಕೆಯಲ್ಲಿ ಈ ಅಂತರ ಕಣ್ಣಿಗೆ ಕಾಣದು, ರ್‍ಯಾಮ್ ಸಾಲದಿದ್ದರೆ ಮಾತ್ರ ದಿನವೂ ಕಾಣುತ್ತದೆ. ಬಣ್ಣದ ದೀಪಗಳಿಗೆ ಕೊಡುವ ಹಣವಂತೂ ದೀಪಕ್ಕೇ ಸಂದಿತು.

ಕೊಳ್ಳಲು ವರ್ತಕ ನಗರದವರು ಠಾಣೆಯಿಂದ ದಾದರಿಗೆ ಬಂದು, ಪಶ್ಚಿಮ ರೈಲ್ವೆಯ ನಿಧಾನ ಗಾಡಿ ಹಿಡಿದು ಗ್ರ್ಯಾಂಟ್ ರೋಡಿನಲ್ಲಿ ಪೂರ್ವಕ್ಕೆ ಇಳಿದರೆ ಲ್ಯಾಮಿಂಗ್ಟನ್ ರೋಡು ಹತ್ತಿರ. ಹಲಗೆಯ ಮೇಲೆ ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ ಎಂದಿರುತ್ತದೆ, ಗಾಬರಿಯಾಗಬೇಡಿ. ನಾಲ್ಕು ಅಂಗಡಿ ವಿಚಾರಿಸಿ. ಜಿ.ಎಸ್.ಟಿ. ಬಿಲ್ಲಿನಲ್ಲಿ ಪಟ್ಟಿಯ ಸೀರಿಯಲ್ ನಂಬರು ಬರೆಸಿಕೊಳ್ಳಿ. ಬಿಲ್ಲಿಲ್ಲದ ಅಗ್ಗದ ಮಾಲಿಗೆ ಖಾತರಿ ಕೇಳಲು ದಾರಿಯಿರದು.

ಜೋಡಿಸುವಾಗ ಎರಡೂ ತುದಿ ಟಕ್ಕೆಂದು ಕೂರುವವರೆಗೆ ಒತ್ತಬೇಕು. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಎರಡು ಪಟ್ಟಿಗಳನ್ನು ಸಾಮಾನ್ಯವಾಗಿ ಪ್ರೊಸೆಸರಿನ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕುವುದು. ಬೋರ್ಡಿನ ಪುಸ್ತಿಕೆಯಲ್ಲಿ ಚಿತ್ರವಿರುತ್ತದೆ. ಪೊಟ್ಟಣದ ವೇಗ ತಾನಾಗಿ ಬರದಿದ್ದರೆ ಬಯೋಸಿನಲ್ಲಿ ಎಕ್ಸ್.ಎಂ.ಪಿ. ಅಥವಾ ಎಕ್ಸ್‌ಪೋ ಎಂಬುದನ್ನು ಚಾಲೂ ಮಾಡಿ. ಆಮೇಲೆ ಮೆಮ್‌ಟೆಸ್ಟ್ ೮೬ ಎಂಬ ಉಚಿತ ಪರೀಕ್ಷೆಯನ್ನು ಪೆನ್‌ಡ್ರೈವಿನಿಂದ ಒಂದು ರಾತ್ರಿ ಓಡಿಸಿ. ಬೆಳಿಗ್ಗೆ ಒಂದೇ ಒಂದು ಕೆಂಪು ಗೆರೆ ಕಂಡರೂ, ಒಂದೊಂದೇ ಪಟ್ಟಿಯನ್ನು ಬೇರೆಯಾಗಿ ಪರೀಕ್ಷಿಸಿ, ಕೆಟ್ಟದ್ದನ್ನು ಬಿಲ್ಲಿನ ಸಮೇತ ಆ ವಾರದಲ್ಲೇ ಅಂಗಡಿಗೆ ಒಯ್ಯಿರಿ.