ಕಲಘಟಗಿಯ ಅಡವಿಯಂಚಿನ ಸಿದ್ದಿಯರು

ಸೇವೆಗಾಗಿ ಆಫ್ರಿಕ ಖಂಡದ ಹಳ್ಳಿಗಳಿಗೆ ಹೋಗಿಬಂದವರ ವರ್ಣನೆಗಳನ್ನು ನಮ್ಮ ಜನರು ಬಹು ಆಸಕ್ತಿಯಿಂದ ಓದುವರು. ಆದರೆ ಆಫ್ರಿಕ ಮೂಲದ ಜನರು ನಮ್ಮ ಧಾರವಾಡ ಜಿಲ್ಲೆಯಲ್ಲಿಯೇ, ಕಲಘಟಗಿ ತಾಲೂಕಿನ ಅಡವಿಯಂಚಿನಲ್ಲಿ, ಅನೇಕ ತಲೆಮಾರುಗಳಿಂದ ವಾಸವಾಗಿರುವರೆಂಬ ಸಂಗತಿಯು ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಕಡೆಯ ಎಷ್ಟೋ ಪಾಲಕರಿಗೆ ತಿಳಿಯದು. ಆದಕಾರಣ ಅವರ ವಿಷಯವಾಗಿ ಇಲ್ಲಿ ಬರೆಯುತ್ತೇವೆ.

ಹುಬ್ಬಳ್ಳಿಯಿಂದ ಕಾರವಾರದ ದಾರಿ ಹಿಡಿದು ಕಲಘಟಗಿಯನ್ನು ದಾಟಿದರೆ ನೆಲವೇ ಬೇರೆಯಾಗುವದು. ಎರೆಹೊಲದ ಹತ್ತಿ, ಕಡಲೆ, ಜೋಳಗಳನ್ನು ನೋಡಿ ಬೆಳೆದವರಿಗೆ ಇಲ್ಲಿಯ ಭತ್ತದ ಗದ್ದೆಗಳೂ ತೇಗು ಬಿದಿರುಗಳೂ ಹೊಸವಾಗಿ ತೋರುವವು. ಸೇವಾಕಾರ್ಯಕ್ಕೆಂದು ನಾವು ಕೆಲವರು ಈ ಸೀಮೆಯ ಒಂದು ಸಿದ್ದಿ ಕೇರಿಗೆ ಹೋಗಿದ್ದೆವು. ಗುಂಗುರು ಕೂದಲು, ಕಪ್ಪು ಮೈಬಣ್ಣ. ಹೊಸಬರ ಕಣ್ಣು ಮೊದಲು ಅಲ್ಲಿಯೇ ನಿಲ್ಲುವದು. ಕಿವಿಗೆ ಬಿದ್ದದ್ದು ಮಾತ್ರ ಬೇರೆ. ಕಟ್ಟೆಯ ಮೇಲೆ ಕುಳಿತಿದ್ದ ಒಬ್ಬ ಮುದುಕಿಯು, “ಯಾವೂರವಾ ನಿಮ್ದು? ಬರ್ರಿ, ಚಾ ಕುಡೀರಿ” ಅಂದಳು. ಎಲ್ಲಿಂದ ಬಂದವರೆಂಬ ಪ್ರಶ್ನೆಯು ನಮಗೇ ಸಲ್ಲತಕ್ಕದ್ದೆಂಬುದರಲ್ಲಿ ಅವಳಿಗೆ ಸಂದೇಹವಿರಲಿಲ್ಲ. ಸಿದ್ದಿಯರಲ್ಲಿ ಹಿಂದೂ, ಮುಸಲ್ಮಾನ, ಕ್ರೈಸ್ತ ಮೂರೂ ಮತದವರುಂಟು. ಅನೇಕರ ಮನೆಮಾತು ಕೊಂಕಣಿ, ಮುಸಲ್ಮಾನರಲ್ಲಿ ಉರ್ದು, ಪೇಟೆಗೂ ಶಾಲೆಗೂ ಕನ್ನಡ.

ಇವರ ಪೂರ್ವಜರು ಪೂರ್ವ ಆಫ್ರಿಕದವರು. 16ನೆಯ ಶತಮಾನದಿಂದ ಪೋರ್ತುಗೀಜರು ಮೊಜಾಂಬಿಕದ ಕಡೆಯಿಂದ ಮನುಷ್ಯರನ್ನು ಗುಲಾಮರನ್ನಾಗಿ ಗೋವೆಗೆ ತಂದು ಮಾರಿದರು. ಅಲ್ಲಿಂದ ತಪ್ಪಿಸಿಕೊಂಡವರೂ ಬಿಡುಗಡೆ ಹೊಂದಿದವರೂ ಘಟ್ಟ ಹತ್ತಿಬಂದು ಹಳಿಯಾಳ, ಯಲ್ಲಾಪುರ, ಮುಂಡಗೋಡ, ಕಲಘಟಗಿಗಳ ಅಡವಿಗಳಲ್ಲಿ ನೆಲೆಸಿದರೆಂದು ಹೇಳುವರು. ಬೇರೆ ಮಾರ್ಗದಿಂದ ಬಂದವರೂ ಉಂಟು. ಇಥಿಯೋಪಿಯದಲ್ಲಿ ಹುಟ್ಟಿ ಗುಲಾಮನಾಗಿ ಮಾರಲ್ಪಟ್ಟ ಮಲಿಕ ಅಂಬರನು ಅಹಮದನಗರ ರಾಜ್ಯದ ಸೂತ್ರವನ್ನು ಹಿಡಿದು, 1626ರಲ್ಲಿ ತೀರಿಕೊಳ್ಳುವ ತನಕ ಮೊಗಲರನ್ನು ತಡೆದನು. ವಿಜಾಪುರದ ಮುಹಮ್ಮದ ಆದಿಲಶಾಹನ ಮಂತ್ರಿಯಾದ ಇಖ್ಲಾಸಖಾನನೂ ಆಫ್ರಿಕ ಮೂಲದವನೇ. ಗೋಳಗುಮ್ಮಟವನ್ನು ನೋಡಿಬಂದ ನಮ್ಮ ಹುಡುಗಿಯರಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಆ ಕೇರಿಯಲ್ಲಿ ನಾವು ಬಹಳ ಹೊತ್ತು ನಿಂತದ್ದು ಕೌದಿಯ ಮುಂದೆ. ಕೌದಿಯು ನಮ್ಮೆಲ್ಲರ ಮನೆಗಳಲ್ಲಿಯೂ ಇರುವದು. ಆದರೆ ಸಿದ್ದಿ ಹೆಂಗಸರ ಕೈಯ ರೀತಿಯೇ ಬೇರೆ. ಹಳೆಯ ಸೀರೆಯನ್ನು ಹಾಸಿ, ಅದರ ಮೇಲೆ ಹರಿದ ಬಟ್ಟೆಗಳ ತುಂಡುಗಳನ್ನು ಇಡುತ್ತ, ಅಂಚಿನ ಒಂದು ಮೂಲೆಯಿಂದ ಆರಂಭಿಸಿ ಸುತ್ತು ಸುತ್ತಾಗಿ ನಡುವಿನ ಕಡೆಗೆ ಹೊಲಿಯುತ್ತ ಹೋಗುವರು. ಅಳತೆಯ ಪಟ್ಟಿಯಿಲ್ಲ, ಗೆರೆ ಹಾಕಿದ ನಕ್ಷೆಯಿಲ್ಲ. ಕೊನೆಗೆ ನಾಲ್ಕೂ ಮೂಲೆಗಳಿಗೆ ಮಡಿಚಿದ ಬಟ್ಟೆಯ ಸಣ್ಣ ತ್ರಿಕೋನಗಳನ್ನು ಕೂಡಿಸುವರು. ಇವಕ್ಕೆ ಫೂಲ, ಅಂದರೆ ಹೂವು, ಎಂದು ಹೆಸರು. ಹೂವಿಲ್ಲದ ಕೌದಿ ಬತ್ತಲೆಯಂತೆ! ಹೊಲಿಗೆಯ ತರಗತಿಯಲ್ಲಿ ಬಹುಮಾನ ಪಡೆದ ನಮ್ಮವರೊಬ್ಬರು ಆ ಸಾಲುಹೊಲಿಗೆಯನ್ನು ಬೆರಳಿನಿಂದ ಮುಟ್ಟಿ ನೋಡಿ ಸುಮ್ಮನಾದರು.

ಇನ್ನು ಪಾಲಕರು ವಿಶೇಷವಾಗಿ ಗಮನಿಸತಕ್ಕ ಸಂಗತಿ. 2003ರಲ್ಲಿ ಸಿದ್ದಿಯರು ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಸೇರಿದರು. ಆದರೆ ಉತ್ತರ ಕನ್ನಡ ಜಿಲ್ಲೆಯವರು ಮಾತ್ರ. ಅಡವಿಯೊಂದೇ, ಬೀಗತನವೊಂದೇ, ಹಳಿಯಾಳದಲ್ಲಿರುವ ಅಕ್ಕನ ಮಗಳಿಗೆ ಸಿಕ್ಕ ಪ್ರಮಾಣಪತ್ರವು ಕಲಘಟಗಿಯಲ್ಲಿರುವ ತಂಗಿಯ ಮಗಳಿಗೆ ಸಿಕ್ಕಲಿಲ್ಲ. 2006ರ ಅರಣ್ಯ ಹಕ್ಕಿನ ಕಾಯದೆ ಬಂದಾಗ ಈ ಭೇದವು ಮತ್ತಷ್ಟು ಕಠಿಣವಾಯಿತು. ಹೇಗಂದರೆ, ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ 13ಕ್ಕೆ ಮೊದಲು ಭೂಮಿಯು ತಮ್ಮ ವಶದಲ್ಲಿತ್ತೆಂದು ತೋರಿಸಿದರೆ ಸಾಕು; ಉಳಿದವರು ಮೂರು ತಲೆಮಾರು, ಅಂದರೆ 75 ವರುಷ, ಅಡವಿಯನ್ನು ಆಶ್ರಯಿಸಿದ್ದರೆಂಬುದಕ್ಕೆ ಸಾಕ್ಷ್ಯ ಕೊಡಬೇಕು. ಓದುಬರಹ ಕಾಣದ ಅಜ್ಜ ಮುತ್ತಜ್ಜರ ಕಾಗದಪತ್ರಗಳನ್ನು ಎಲ್ಲಿಂದ ತರುವದು?

ಹದಿನೇಳು ವರುಷಗಳ ತರುವಾಯ, 2020ರಲ್ಲಿ, ಸಂಸತ್ತಿನ ತಿದ್ದುಪಡಿಯಿಂದ ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಯರೂ ಪಟ್ಟಿಗೆ ಸೇರಿದರು. ಅದೇ ವರುಷ ಶ್ರೀ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಸಿದ್ದಿಯರಲ್ಲಿ ಆ ಸ್ಥಾನಕ್ಕೆ ಬಂದವರಲ್ಲಿ ಅವರೇ ಮೊದಲಿಗರು.

ಕಾಯದೆಯಾದ ಮಾತ್ರಕ್ಕೆ ಪ್ರಮಾಣಪತ್ರವು ಮನೆಗೆ ನಡೆದು ಬಾರದು. ನಾವು ಹೋದ ಒಂದು ಮನೆಯಲ್ಲಿ ಹಿರಿಯ ಹುಡುಗಿಯ ಶಾಲೆಯ ದಾಖಲೆಯಲ್ಲಿ ಮತದ ಹೆಸರು ಮಾತ್ರ ಇತ್ತು. ಕಿರಿಯಳದರಲ್ಲಿ ‘ಸಿದ್ದಿ’ ಎಂದು ಬರೆದಿತ್ತು. ಒಂದೇ ತಾಯಿಯ ಮಕ್ಕಳು! ಹಿರಿಯಳು ವಸತಿಗೃಹಕ್ಕೆ ಅರ್ಜಿ ಹಾಕತಕ್ಕವಳು. ತಂದೆಯು ಕೂಲಿ ಬಿಟ್ಟು ತಹಶೀಲ್ದಾರರ ಕಚೇರಿಗೆ ಎರಡು ಸಲ ಹೋಗಿಬಂದಿದ್ದನು. ಮೂರನೆಯ ಸಲ ನಮ್ಮಲ್ಲಿ ಇಬ್ಬರು, ಅರ್ಜಿಯನ್ನು ಅಂದವಾಗಿ ಬರೆದುಕೊಂಡು, ತಂಗಿಯ ದಾಖಲೆಯ ಪ್ರತಿಯೊಂದಿಗೆ ಅವನ ಸಂಗಡ ಹೋದರು. ಆ ಅರ್ಜಿಯು ಈಗ ವಿಚಾರಣೆಯಲ್ಲಿದೆ. ಶಾಲೆಗಳು ಜೂನಿನಲ್ಲಿ ತೆರೆಯುವವು.