ಬೆರಳಿಗಂಟಿದ ಎಲೆರಸದಲ್ಲಿ ಏನಿದೆ?

ಮೊದಲ ವರ್ಷ ನೆರಳುಮನೆಯಲ್ಲಿ ಟೊಮೆಟೊ ಹಾಕಿದ್ದೆ. ಮೊಸಾಯಿಕ್ ರೋಗ ಬಂದ ಸಾಲಿನ ಬಗಲುಕುಡಿ ಚಿವುಟಿ, ಅದೇ ಕೈಯಲ್ಲಿ ಪಕ್ಕದ ಸಾಲಿಗೆ ಹೋದೆ. ಎರಡು ವಾರ ಕಳೆಯೋದರೊಳಗೆ ಆ ಸಾಲಿನ ಎಲೆಗಳಲ್ಲೂ ತಿಳಿಹಸಿರು, ಕಡುಹಸಿರು ಮಚ್ಚೆ. ತೋಟಗಾರಿಕೆ ಓದಿದ್ದೂ ಅಷ್ಟೇ, ಬೇವಿನೆಣ್ಣೆ ಹೊಡೆದದ್ದೂ ದಂಡ.

ಬೆರಳಿಗೆ ಅಂಟಿದ್ದ ಆ ರಸದಲ್ಲಿ ಏನಿತ್ತು ನೋಡೋಣ. ಹೊಗೆಸೊಪ್ಪಿನ ಮೊಸಾಯಿಕ್ ನಂಜಾಣು (ಟಿಎಂವಿ) ಇರೋದೇ ಕಡ್ಡಿಯ ಹಾಗೆ. ಉದ್ದ 300 ನ್ಯಾನೋಮೀಟರ್, ದಪ್ಪ 18. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ಇವು ನೀರಿನಲ್ಲಿ ಉಪ್ಪಿನಂತೆ ಕರಗಲ್ಲ, ತೇಲುತ್ತಿರುತ್ತವೆ. ಇಂಥ ದ್ರಾವಣಕ್ಕೆ ಕಲಿಲ ಅಂತಾರೆ. ಹಾಲೂ ಒಂದು ಕಲಿಲವೇ.

1936ರಲ್ಲಿ ಇಂಗ್ಲೆಂಡಿನ ಬಾಡನ್, ಪಿರೀ ಮತ್ತು ಸಂಗಡಿಗರು ರೋಗದ ಎಲೆರಸದಿಂದ ನಂಜಾಣುವನ್ನು ಶುದ್ಧಮಾಡಿದರು. ದಟ್ಟವಾದ ದ್ರಾವಣ ತಾನಾಗಿಯೇ ಎರಡು ಪದರವಾಯಿತು. ಕೆಳಪದರದಲ್ಲಿ ಕಡ್ಡಿಗಳು ಒಂದೇ ದಿಕ್ಕಿಗೆ ಸಾಲುಗಟ್ಟಿದ್ದವು. ಹೀಗೆ ಪದರವಾಗುವ ಮುಂಚೆ, ಭತ್ತದ ಕಾಳಿನಂತೆ ಎರಡೂ ತುದಿ ಚೂಪಾದ ಪುಟ್ಟ ಗುಂಪುಗಳು ಹುಟ್ಟುತ್ತವೆ. ಅವೇ ಟ್ಯಾಕ್ಟಾಯ್ಡ್.

ಅವನ್ನು ಸಾಲಾಗಿ ನಿಲ್ಲಿಸೋದು ಯಾವ ಅಂಟೂ ಅಲ್ಲ, ಜಾಗದ ಇಕ್ಕಟ್ಟು. ಜೋಳದ ದಂಟನ್ನು ಟ್ರ್ಯಾಲಿಗೆ ಅಡ್ಡಾದಿಡ್ಡಿ ಎಸೆದು ನೋಡಿ, ಬೇಗ ತುಂಬುತ್ತೆ. ಒಂದೇ ಕಡೆ ತಲೆ ಮಾಡಿ ಜೋಡಿಸಿದರೆ ಇನ್ನಷ್ಟು ಹಿಡಿಯುತ್ತೆ. ನಂಜಾಣುವಿನ ಕಡ್ಡಿಗಳು ನೀರಿನಲ್ಲಿ ಸದಾ ಅಲುಗಾಡುತ್ತವೆ. ವಿರಳವಾಗಿದ್ದರೆ ಹೇಗೆ ಬೇಕಾದರೂ ತಿರುಗಬಹುದು. ದಟ್ಟವಾದಾಗ ಒಂದಕ್ಕೊಂದು ಅಡ್ಡ ಬರುತ್ತವೆ, ಒಂದೇ ದಿಕ್ಕಿಗೆ ನಿಂತಾಗಲೇ ಸರಿದಾಡಲು ಜಾಗ. 1949ರಲ್ಲಿ ಲಾರ್ಸ್ ಆನ್ಸೇಗರ್ ಲೆಕ್ಕ ಹಾಕಿ ತೋರಿಸಿದ್ದು ಇದನ್ನೇ.

ಈ ಸಾಲುಗಟ್ಟುವಿಕೆಯಿಂದ ರೋಗ ಬರುತ್ತೆ ಅಂತಲ್ಲ. ಆದರೆ ಶುದ್ಧಮಾಡಿ ಅಷ್ಟು ದಟ್ಟಗೊಳಿಸುವಷ್ಟು ನಂಜಾಣು ಎಲೆಯಲ್ಲೇ ಸಿಕ್ಕಿತು, ಅದನ್ನು ಗಮನಿಸಿ. ಒಂದು ಹನಿ ರಸದಲ್ಲೇ ಕೋಟಿಗಟ್ಟಲೆ ಕಡ್ಡಿ! ಎಲೆಮುದುಡು ರೋಗದ ಹಾಗೆ ಇದನ್ನು ಬಿಳಿನೊಣ ಹರಡಲ್ಲ, ನಮ್ಮ ಕೈ, ಚಾಕು, ಬಟ್ಟೆ ಹರಡುತ್ತವೆ. ಹಾಗಾಗಿ ಔಷಧಿ ಹುಡುಕಬೇಡಿ, ಸಿಗಲ್ಲ.

ನಾನೀಗ ಮೊದಲು ಆರೋಗ್ಯದ ಸಾಲು ಮುಗಿಸಿ ಆಮೇಲೆ ಅನುಮಾನದ ಸಾಲಿಗೆ ಹೋಗ್ತೀನಿ. ಬೀಡಿ, ಹೊಗೆಸೊಪ್ಪು ಮುಟ್ಟಿದವರು ಸೋಪಿನಲ್ಲಿ ಕೈ ತೊಳೆದೇ ಒಳಗೆ ಬರಬೇಕು. ಚಿವುಟುವಾಗ ಆಗಾಗ ಕೈ, ಕತ್ತರಿ ಎರಡನ್ನೂ ಕೆನೆರಹಿತ ಹಾಲಿನ ಪುಡಿ ಕಲಸಿದ ನೀರಿನಲ್ಲಿ ಅದ್ದುತ್ತೇವೆ, ಲೀಟರಿಗೆ 200 ಗ್ರಾಂ. ದುಬಾರಿ ನಿಜ, ಆದರೆ ಒಂದು ಸಾಲು ಹೋದರೆ ಅದಕ್ಕಿಂತ ಜಾಸ್ತಿ ಹೋಗುತ್ತೆ.

ಕಿತ್ತ ರೋಗದ ಗಿಡವನ್ನು ಕಾಂಪೋಸ್ಟ್ ಗುಂಡಿಗೆ ಹಾಕಬೇಡಿ. ಒಣಗಿದ ಎಲೆಯಲ್ಲೂ ಈ ನಂಜಾಣು ವರ್ಷಗಟ್ಟಲೆ ಬದುಕಿರುತ್ತೆ.