ಹಿಮಕುಸಿತವೂ ಬಯಲುಸೀಮೆಯ ನಾವೂ

ನಮ್ಮ ಹಾವೇರಿ ಸೀಮೆಯಲ್ಲಿ ಹಿಮವನ್ನು ಕಣ್ಣಾರೆ ಕಂಡವರು ವಿರಳ. ಹಲಗೇರಿಯ ಹೊಲಗಳಲ್ಲಿ ಮಾಗಿಯ ಇಬ್ಬನಿಯೇ ನಮಗೆ ಚಳಿಯ ಪರಮಾವಧಿ. ಹೀಗಿರುವಾಗ ಹಿಮಕುಸಿತದ ವಿಚಾರ ನಮಗೇಕೆಂದು ವಾಚಕರು ಕೇಳಬಹುದು.

೨೦೧೬ನೆಯ ಇಸವಿಯ ಫೆಬ್ರವರಿ ೩ರಂದು ಸಿಯಾಚಿನ್ ಹಿಮನದಿಯಲ್ಲಿ, ಸುಮಾರು ೧೯,೬೦೦ ಅಡಿ ಎತ್ತರದ ಸೇನಾಠಾಣ್ಯದ ಮೇಲೆ ಹಿಮದ ಗೋಡೆ ಕುಸಿದು, ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಯೋಧರು ಹೂತುಹೋದರು. ಅವರಲ್ಲೊಬ್ಬರು ನಮ್ಮ ನೆರೆಯ ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಸುಮಾರು ೨೫ ಅಡಿ ಹಿಮದಡಿಯಿಂದ ಆರನೆಯ ದಿನ ಅವರನ್ನು ಜೀವಂತವಾಗಿ ಹೊರತೆಗೆಯಲಾಯಿತು. ಆದರೆ ಫೆಬ್ರವರಿ ೧೧ರಂದು ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ಹಿಮಕುಸಿತವು ನಮಗೆ ದೂರದ ಮಾತಲ್ಲವೆಂಬುದಕ್ಕೆ ಇಷ್ಟೇ ಸಾಕು.

ಸಿಯಾಚಿನ್ನಿನಲ್ಲಿ ಬಿದ್ದದ್ದು ಗಟ್ಟಿಹಿಮದ ಗೋಡೆ. ಆದರೆ ಬೆಟ್ಟದ ದಾರಿಗರನ್ನು ಹೆಚ್ಚಾಗಿ ಬಲಿ ತೆಗೆದುಕೊಳ್ಳುವುದು ಹಾಸುಹಿಮದ ಜಾರುವಿಕೆ. ಒಂದೊಂದು ಸಲ ಹಿಮ ಬಿದ್ದಾಗಲೂ ಒಂದೊಂದು ಪದರವಾಗುತ್ತದೆ. ಬಿಸಿಲಿಗೆ ಕರಗಿ ಮತ್ತೆ ಹೆಪ್ಪುಗಟ್ಟಿದ್ದು ಒಂದು, ಗಾಳಿ ತಂದು ಒತ್ತಿದ್ದು ಇನ್ನೊಂದು. ಕಡುಚಳಿಯಲ್ಲಿ ತಳದ ಪದರವು ಸಕ್ಕರೆಯ ಹರಳಿನಂತೆ ಬಿಡಿಬಿಡಿಯಾಗುವುದುಂಟು. ಕಣದಲ್ಲಿ ಹರಡಿದ ಜೋಳದ ಮೇಲೆ ಹಲಗೆಯಿಟ್ಟು ಕಾಲಿಟ್ಟರೆ ಏನಾಗುವುದೆಂದು ನಾವೆಲ್ಲ ಬಲ್ಲೆವಷ್ಟೆ. ಇಳಿಜಾರಿನಲ್ಲಿ ಆಗುವುದೂ ಅದೇ. ೩೦ರಿಂದ ೪೫ ಅಂಶಗಳಷ್ಟು ಓರೆಯಾದ ಇಳಿಜಾರುಗಳೇ ಹೆಚ್ಚು ಅಪಾಯದವು. ಬಹುಪಾಲು ಅಪಘಾತಗಳಲ್ಲಿ ಆ ಹಾಸನ್ನು ಕದಲಿಸುವುದು ಅದರ ಮೇಲೆ ನಡೆದವರ ಭಾರವೇ.

ಹಿಮವು ಮುನ್ಸೂಚನೆಯನ್ನೂ ಕೊಡುತ್ತದೆ. ಕಾಲಡಿಯಲ್ಲಿ ಧಸ್ಸೆಂಬ ಸದ್ದು, ಹೆಜ್ಜೆಯಿಂದ ಓಡುವ ಬಿರುಕು, ಪಕ್ಕದ ಇಳಿಜಾರಿನಲ್ಲಿ ಹೊಸ ಕುಸಿತ, ರಾತ್ರಿಯಿಡೀ ಸುರಿದ ಹಿಮ, ಬಲವಾದ ಗಾಳಿ, ಒಮ್ಮೆಲೇ ಏರಿದ ಶಾಖ ಇವೆಲ್ಲ ಹಿಂದಿರುಗೆಂಬ ಸೂಚನೆಗಳು. ದಾಟಲೇಬೇಕಾದಲ್ಲಿ ಒಬ್ಬೊಬ್ಬರಾಗಿ ದಾಟಬೇಕು, ಉಳಿದವರು ಸುರಕ್ಷಿತ ಸ್ಥಳದಲ್ಲಿ ನಿಂತು ಅವರ ಮೇಲೆ ಕಣ್ಣಿಟ್ಟಿರಬೇಕು.

ಹೂತವನನ್ನು ಕೊಲ್ಲುವುದು ಚಳಿಯೆಂದು ನಾನು ಓದುವ ಮೊದಲು ಎಣಿಸಿದ್ದೆ. ಹೆಚ್ಚಿನವರನ್ನು ಕೊಲ್ಲುವುದು ಉಸಿರಿನ ಕೊರತೆ. ನಮ್ಮ ಹಿರಿಯರು ಹಗೇವು ತೆರೆದೊಡನೆ ಒಳಗಿಳಿಯುತ್ತಿರಲಿಲ್ಲ, ಕೆಟ್ಟ ಗಾಳಿ ಹೋಗಲೆಂದು ಕಾಯುತ್ತಿದ್ದರು. ಹಿಮದಡಿಯಲ್ಲಿ ಸಿಕ್ಕವನು ತಾನು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳಬೇಕಾಗುತ್ತದೆ. ಹತ್ತು ಹದಿನೈದು ನಿಮಿಷಗಳೊಳಗೆ ತೆಗೆದರೆ ಬಹುತೇಕರು ಬದುಕುತ್ತಾರೆ. ಅರ್ಧ ಗಂಟೆ ಕಳೆದರೆ ಬದುಕುವವರು ಕೆಲವರೇ. ಹನುಮಂತಪ್ಪನವರ ಆರು ದಿನಗಳು ಅಪೂರ್ವದಲ್ಲಿ ಅಪೂರ್ವ. ದೂರದ ನೆರವು ಬರುವಷ್ಟರಲ್ಲಿ ವೇಳೆ ಮೀರುವುದರಿಂದ ಜೊತೆಗಾರನೇ ರಕ್ಷಕ. ಪ್ರತಿಯೊಬ್ಬರ ಬಳಿಯೂ ಸಂಕೇತ ಕಳುಹಿಸುವ ಮತ್ತು ಹಿಡಿಯುವ ಯಂತ್ರ, ಹಿಮದೊಳಗೆ ಚುಚ್ಚಿ ನೋಡುವ ಉದ್ದನೆಯ ಕೋಲು ಹಾಗೂ ಸಲಿಕೆ ಇರಲೇಬೇಕು.

ಇಷ್ಟೆಲ್ಲ ಬಲ್ಲವರನ್ನೂ ಹಿಮವು ಬಿಡುವುದಿಲ್ಲ. ೨೦೨೨ರ ಅಕ್ಟೋಬರ್ ೪ರಂದು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ತಂಡವು ದ್ರೌಪದಿ ಕಾ ದಂಡಾ ಶಿಖರದಲ್ಲಿ ಹಿಮಕುಸಿತಕ್ಕೆ ಸಿಕ್ಕಿತು. ಶಿಕ್ಷಾರ್ಥಿಗಳ ಜೊತೆಗೆ ಶಿಕ್ಷಕರೂ ಮಡಿದರು. ಆದುದರಿಂದ ಹಿಂದಿರುಗುವುದನ್ನು ಹೇಡಿತನವೆಂದು ಯಾರೂ ಭಾವಿಸಬಾರದು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲೇರಿದವರಲ್ಲಿ ನಾನೇ ಮೊದಲಿಗ. ನನ್ನ ತಂದೆಯವರು ಅಕ್ಷರ ಕಲಿತವರಲ್ಲ, ಆದರೂ ಎರೆಮಣ್ಣನ್ನು ಹಿಡಿಯಲ್ಲಿ ಹಿಚುಕಿ ಬಿತ್ತುವ ಹದವನ್ನು ಹೇಳಬಲ್ಲರು. ಹಿಮದ ನಾಡಿನ ಬಲ್ಲವರು ಕುಣಿ ತೋಡಿ ಪದರಗಳನ್ನು ಮುಟ್ಟಿ ನೋಡುವುದೂ ಇಂಥದೇ ವಿದ್ಯೆ. ಮಣ್ಣಿನ ವಿದ್ಯೆ ನಮಗೆ ಹಿರಿಯರಿಂದ ಬಂದಿದೆ. ಹಿಮದ ವಿದ್ಯೆಯನ್ನು ನಮಗೆ ಹೇಳಿಕೊಡುವವರು ಊರಿನಲ್ಲಿಲ್ಲ. ಅದನ್ನು ನಾವು ಓದಿಯೇ ಕಲಿಯಬೇಕು. ನಮ್ಮ ಹಳ್ಳಿಗಳ ತರುಣರು ಸೇನೆಗೆ ಸೇರುತ್ತಾರೆ, ಈಗ ಚಾರಣಕ್ಕೆಂದು ಹಿಮಾಲಯಕ್ಕೂ ಹೋಗುತ್ತಾರೆ. ಹೊರಡುವ ಮುನ್ನ ಅವರಿಗೆ ಇಷ್ಟನ್ನಾದರೂ ತಿಳಿಸಿ ಕಳುಹಿಸುವುದು ಓದಿದ ನಮ್ಮ ಕರ್ತವ್ಯವೆಂದು ನಾನು ನಂಬಿದ್ದೇನೆ.